ಖೇಜಡಿ ಚೌಕದ ಪಾಟಾ

ಕಲಕತ್ತಾ
5 ಅಕ್ಟೋಬರ್ 1987

ಪೂಜ್ಯ ಗೇವರ್ ಕಾಕಾಜಿಯವರಿಗೆ ನವರತನ ಮಾಡುವ ಪಾದಸ್ಪರ್ಶ.

ನಾನು ನಿಮ್ಮ ಚಿಕ್ಕಪ್ಪನ ಮಗ ಜೇಠಮಲ್ ಅವರ ಒಬ್ಬನೇ ಮಗ. ನೀವು ನನ್ನನ್ನು ನೋಡಿಲ್ಲ, ನಾನು ಬೀಕಾನೇರ್ ನೋಡಿಲ್ಲ. ಅಪ್ಪ ಈ ಚೈತ್ರದಲ್ಲಿ ತೀರಿಕೊಂಡರು. ನಿಮಗೆ ಕಾರ್ಡು ಹಾಕಿದ್ದೆ. ತಲುಪಿತೋ ಇಲ್ಲವೋ ತಿಳಿಯಲಿಲ್ಲ.

ಇಲ್ಲಿ ಬಡಾಬಜಾರಿನ ಪಕ್ಕದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ನನ್ನದು. ಬರುವ ವೈಶಾಖಕ್ಕೆ ಬೀಕಾನೇರ್ ಕಟ್ಟಿ ಐನೂರು ವರ್ಷ ತುಂಬುತ್ತದೆ ಅಂತ ಕಲಕತ್ತಾದಲ್ಲಿರುವ ನಮ್ಮ ಊರಿನವರೆಲ್ಲ ಸೇರಿ ಒಂದು ಪುಸ್ತಕ ತರುತ್ತಿದ್ದಾರೆ. ನಗರದ ಭೂಗೋಳ, ಇತಿಹಾಸ, ಸಂಸ್ಕೃತಿ ಎಲ್ಲವೂ ಅದರಲ್ಲಿ ಬರಬೇಕಂತೆ. ಊರನ್ನೇ ನೋಡದ ನನ್ನನ್ನು ಸಂಪಾದಕ ಮಾಡಿದ್ದಾರೆ. ತಪ್ಪಿಲ್ಲದೆ ಬರೆಯುವವನು ಇನ್ನೊಬ್ಬ ಸಿಗಲಿಲ್ಲವಂತೆ.

ಊರಿನ ಹಳೆಯ ಸಂಗತಿ ಬೇಕಾದರೆ ಖೇಜಡಿ ಚೌಕದ ಗೇವರದಾಸರನ್ನು ಕೇಳು, ಅವರಿಗೆ ತಿಳಿಯದ್ದು ಊರಲ್ಲೇ ನಡೆದಿಲ್ಲ ಎಂದು ಇಲ್ಲಿ ನಾಲ್ಕು ಜನ ಹೇಳಿದರು. ಬೇರೆ ಹಾಳೆಯಲ್ಲಿ ಹದಿನಾಲ್ಕು ಪ್ರಶ್ನೆ ಬರೆದು ಇಟ್ಟಿದ್ದೇನೆ. ಮೊದಲ ಹನ್ನೆರಡು ನದಿ, ಮಳೆ, ಊಟ, ಹಬ್ಬಗಳ ಬಗ್ಗೆ. ಹದಿಮೂರನೆಯದು, ಚೌಕದ ನಮ್ಮ ಪಾಟಾ ಯಾರು ಮಾಡಿಸಿದ್ದು, ಯಾವಾಗ. ಹದಿನಾಲ್ಕನೆಯದು ಪುಸ್ತಕಕ್ಕಲ್ಲ, ನನಗಾಗಿ. ಅಪ್ಪ ಆ ಪಾಟಾದ ಮೇಲೆ ಯಾವ ಕಡೆ ಕೂರುತ್ತಿದ್ದರು? ಎಷ್ಟು ಸಲ ಕೇಳಿದರೂ ಅವರು ಅದೊಂದನ್ನು ಹೇಳಲಿಲ್ಲ.

ಕಾಕೀಜಿಗೆ ನನ್ನ ಮತ್ತು ಅಮ್ಮನ ನಮಸ್ಕಾರ ತಿಳಿಸಿ.

ನಿಮ್ಮ
ನವರತನ


ಬೀಕಾನೇರ್
26 ಅಕ್ಟೋಬರ್ 1987

ನವರತನನಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಕಾರ್ಡೂ ಬಂದಿತ್ತು. ಕಾರ್ಡಿನ ವಿಷಯ ಇಲ್ಲಿ ಬೇಡ.

ಹದಿನಾಲ್ಕು ಪ್ರಶ್ನೆ ಕಳಿಸಿದ್ದೀಯ, ಪರೀಕ್ಷೆಗೆ ಕೂರಿಸಿದ ಹಾಗೆ. ಅರವತ್ತಾರು ವರ್ಷ ಈ ಊರಿನ ಮರಳು ತಿಂದವನು ನಾನು. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಕೂತು ಊರಿನ ಕಾಗದಕ್ಕೆಲ್ಲ ಮುದ್ರೆ ಒತ್ತಿದವನು. ನನಗೆ ಪ್ರಶ್ನೆ ಹಾಕುವವನು ಕಲಕತ್ತಾದಲ್ಲಿ ಹುಟ್ಟಿದ ಕರಡು ತಿದ್ದುವವನು. ಇರಲಿ, ಕಾಲ ಹಾಗಿದೆ. ನಿನ್ನ ಕಾಗದ ಒಡೆದಾಗ ಅದರಿಂದಲೂ ಮೀನಿನ ವಾಸನೆ ಬಡಿಯಿತು. ಅದೂ ಇರಲಿ.

ಊರಿನ ನದಿ ಯಾವುದು ಎಂದು ಕೇಳಿದ್ದೀಯ. ಇದನ್ನು ಪಾಟಾದ ಮೇಲೆ ಓದಿ ಹೇಳಿದೆ, ಜನ ಬಿದ್ದು ಬಿದ್ದು ನಕ್ಕರು. ನದಿ ಇಲ್ಲಪ್ಪ. ನದಿ ಇದ್ದ ಊರಿನವರು ಸೋಮಾರಿಗಳಾಗುತ್ತಾರೆ, ನಿಮ್ಮನ್ನು ನೋಡಿದರೇ ಗೊತ್ತಾಗುತ್ತದೆ. ನಾವು ಮಳೆ ನೀರನ್ನು ಮನೆಯೊಳಗೆ ನೆಲ ತೋಡಿ ಕಟ್ಟಿದ ಕುಂಡದಲ್ಲಿ ತುಂಬಿ ಬೀಗ ಹಾಕಿ ಇಟ್ಟು ಬದುಕಿದ ಜನ. ಭೂಗೋಳ ಅಂದರೆ ಏನು ಬರೆಯಲಿ? ಕೋಟ್ ಗೇಟಿನ ಹತ್ತಿರದ ರೈಲ್ವೆ ಗೇಟೇ ನಮ್ಮ ಭೂಗೋಳ. ಅದು ಮುಚ್ಚಿದರೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ತೆರೆದರೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಈ ಊರಿನವರ ಅರ್ಧ ಆಯುಷ್ಯ ಆ ಗೇಟಿನ ಮುಂದೆ ಸೈಕಲ್ ಹಿಡಿದು ನಿಲ್ಲುವುದರಲ್ಲೇ ಕಳೆಯಿತು ಎಂದು ಬರೆ.

ಊಟ ಕೇಳಿದ್ದೀಯ. ಬೆಳಿಗ್ಗೆ ಕಚೋರಿ, ಮಧ್ಯಾಹ್ನ ನಿದ್ದೆ, ಸಂಜೆ ಪಾಟಾ. ಭುಜಿಯಾ ಅಂತ ಹೇಳಿ ನೀವು ಅಲ್ಲಿ ತಿನ್ನುವುದನ್ನು ನಮ್ಮ ಚೌಕದ ಮೇಕೆ ಮೂಸಿಯೂ ನೋಡುವುದಿಲ್ಲ.

ಇನ್ನು ಪಾಟಾ. ಓದುಗರಿಗೆ ವಿವರಿಸಬೇಕಂತೆ. ಇಪ್ಪತ್ತು ಜನ ಕೂರುವಷ್ಟು ದೊಡ್ಡ ಮರದ ಮಂಚ, ಬೀದಿಯಲ್ಲಿ ಇರುತ್ತದೆ, ಬಿಸಿಲಿಗೂ ಮರಳುಗಾಳಿಗೂ ಅಲ್ಲೇ ಇರುತ್ತದೆ. ಅದರ ಮೇಲೆ ಮದುವೆ ನಿಶ್ಚಯವಾಗುತ್ತದೆ, ಜಗಳ ತೀರುತ್ತದೆ, ಸತ್ತವನ ಗುಣಗಾನ ಆಗುತ್ತದೆ, ಬದುಕಿದವನ ಮಾನ ಹೋಗುತ್ತದೆ. ಪಾಟಾ ಇಲ್ಲದ ಗಂಡಸು ಈ ಊರಿನಲ್ಲಿ ಬಾಡಿಗೆ ಮನೆಯವನಿದ್ದ ಹಾಗೆ. ನಮ್ಮ ಪಾಟಾ ಚೌಕದಲ್ಲೆಲ್ಲ ದೊಡ್ಡದು, ರೋಹಿಡಾ ಮರದ್ದು. ಎದುರು ಮನೆಯ ಬುಲಾಕಿದಾಸ್ ರಂಗಾನ ಹತ್ತಿರವೂ ಒಂದಿದೆ, ಅದು ಪಾಟಾ ಅಲ್ಲ, ರೊಟ್ಟಿ ಲಟ್ಟಿಸುವ ಮಣೆ. ಅದಕ್ಕೇ ಅವನಿಗೆ ನಮ್ಮದರ ಮೇಲೆ ಕಣ್ಣು. ಈ ಚೈತ್ರದಲ್ಲಿ ನನಗೆ ಮೊಣಕಾಲು ನೋವು ಬಂದು ಹನ್ನೆರಡು ದಿನ ಹೊರಗೆ ಬರಲಿಲ್ಲ. ಅಷ್ಟರಲ್ಲಿ ನನ್ನ ಜಾಗದಲ್ಲಿ ತನ್ನ ದಿಂಬು ಹಾಕಿಕೊಂಡು ಕೂತಿದ್ದ, ಬೇಶರಮ್.

ಸದ್ಯಕ್ಕೆ ಇಷ್ಟು ಸಾಕು.

ಗೇವರದಾಸ್


ಕಲಕತ್ತಾ
12 ನವೆಂಬರ್ 1987

ಪೂಜ್ಯ ಕಾಕಾಜಿ,

ನಿಮ್ಮ ಕಾಗದವನ್ನು ಅಮ್ಮನಿಗೂ ಓದಿ ಹೇಳಿದೆ. ರೈಲ್ವೆ ಗೇಟಿನ ಮಾತಿಗೆ ಅವರು ತುಂಬ ನಕ್ಕರು. ಮೀನಿನ ಸಾಲನ್ನು ನಾನು ಬಿಟ್ಟು ಓದಿದೆ. ಅಮ್ಮ ಬಂಗಾಳಿಯವರು, ನಿಮಗೆ ಗೊತ್ತೇ ಇದೆ. ಆದರೆ ಮದುವೆಯಾದ ದಿನದಿಂದ ನಮ್ಮ ಮನೆಯಲ್ಲಿ ಮೀನು ಬೇಯಿಸಿಲ್ಲ. ಅಪ್ಪ ಬೇಡವೆಂದು ಹೇಳಿದವರಲ್ಲ, ಅಮ್ಮನೇ ಬಿಟ್ಟರು.

ಹದಿಮೂರನೆಯ ಪ್ರಶ್ನೆಗೆ ಅರ್ಧ ಉತ್ತರ ಬಂದಿದೆ. ಪಾಟಾ ಹೇಗಿದೆ ಎಂದು ತಿಳಿಯಿತು, ಯಾರು ಮಾಡಿಸಿದ್ದೆಂದು ತಿಳಿಯಲಿಲ್ಲ. ಹದಿನಾಲ್ಕನೆಯದು ನಿಮ್ಮ ಕಣ್ಣಿಗೆ ಬೀಳಲಿಲ್ಲ ಅಂತ ಕಾಣುತ್ತದೆ. ಹಾಳೆಯ ಕೊನೆಯಲ್ಲಿ, ಮಡಿಕೆಯ ಹತ್ತಿರ ಇದೆ.

ನಿಮ್ಮ
ನವರತನ


ಬೀಕಾನೇರ್
9 ಡಿಸೆಂಬರ್ 1987

ನವರತನ,

ನನ್ನ ಕಣ್ಣು ಚೆನ್ನಾಗಿಯೇ ಇದೆ. ಮಡಿಕೆ ಬಿಡಿಸುವುದಕ್ಕೂ ಬರುತ್ತದೆ. ನಿನ್ನ ಅಪ್ಪ ಈ ಪಾಟಾದ ಮೇಲೆ ಯಾವ ಕಡೆಯೂ ಕೂತವನಲ್ಲ. ಎಳೆಯ ವಯಸ್ಸಿನಲ್ಲೇ ಕಲಕತ್ತಾ ಸೇರಿದ, ಅಲ್ಲೇ ತನಗೆ ಬೇಕಾದ್ದು ಮಾಡಿಕೊಂಡ. ಊರಿಗೂ ಅವನಿಗೂ ಏನು ಸಂಬಂಧ? ಆ ಪ್ರಶ್ನೆ ಹೊಡೆದು ಹಾಕು.

ಹದಿಮೂರನೆಯದಕ್ಕೆ ಉತ್ತರ ಹೇಳುತ್ತೇನೆ, ಸರಿಯಾಗಿ ಬರೆದುಕೋ. ಇಂಥದ್ದು ನಿನಗೆ ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ.

ನಮ್ಮ ಜನರಲ್ಲಿ ಸಾವಾ ಅಂತ ಇದೆ. ಕೆಲವು ವರ್ಷಕ್ಕೊಮ್ಮೆ ಒಂದೇ ದಿನ, ಕೋಟೆ ಗೋಡೆಯ ಒಳಗೆ ನೂರಾರು ಮದುವೆ. ಪ್ರತಿ ಬೀದಿಯಲ್ಲಿ ಮೆರವಣಿಗೆ, ಪ್ರತಿ ಬಾಗಿಲಿಗೆ ತೋರಣ. ಮದುಮಗ ವಿಷ್ಣುವಿನ ವೇಷದಲ್ಲಿ, ಹಳದಿ ಪೀತಾಂಬರ ಉಟ್ಟು, ಬರಿಗಾಲಲ್ಲಿ ನಡೆದು ಬರುತ್ತಾನೆ. ಎಲ್ಲರೂ ಒಂದೇ ಥರ ಕಾಣುತ್ತಾರೆ. ಹೀಗೊಂದು ಸಾವಾದಲ್ಲಿ, ನನ್ನ ಮುತ್ತಜ್ಜನ ಕಾಲದಲ್ಲಿ, ಬುಲಾಕಿಯ ಮುತ್ತಜ್ಜ ಮದುಮಗನಾಗಿ ಹೊರಟ. ಭಂಗಿನ ಅಮಲು ಬೇರೆ. ಹೋಗಬೇಕಾದ ಮನೆ ಬಿಟ್ಟು ನೇರ ನಮ್ಮ ಮನೆಗೆ ಬಂದ. ನಮ್ಮಲ್ಲೂ ಅವತ್ತು ಹೆಣ್ಣಿನ ಮದುವೆ. ಹೆಂಗಸರು ಸೆರಗಿನ ಮರೆಯಿಂದ ಮುಖ ನೋಡದೆ ತಿಲಕ ಇಟ್ಟರು, ಆರತಿ ಎತ್ತಿದರು, ತಂದು ಪಾಟಾದ ಮೇಲೆ ಕೂರಿಸಿದರು. ಹೊಸ್ತಿಲು ದಾಟುವ ಮೊದಲು ಏನು ಬೇಕು ಕೇಳಪ್ಪ ಅಂದರು ಹಿರಿಯರು. ಅವನು ಕೂತ ಜಾಗವನ್ನೇ ತಟ್ಟಿ, ‘ಇದೇ ಬೇಕು’ ಅಂದ. ‘ಕೊಟ್ಟೆವು’ ಅಂದರು. ಅಷ್ಟರಲ್ಲಿ ನಿಜವಾದ ಮದುಮಗ ಬಂದ. ಬುಲಾಕಿಯ ಮುತ್ತಜ್ಜ ಪಗಡಿ ಕಂಕುಳಲ್ಲಿ ಇಟ್ಟುಕೊಂಡು ಚೌಕದ ಉದ್ದಕ್ಕೂ ಓಡಿದ. ಪಾಟಾ ಇಲ್ಲೇ ಉಳಿಯಿತು. ಅತ್ತೆಯ ಮನೆ ಯಾವುದೆಂದು ಗೊತ್ತಿಲ್ಲದ ವಂಶ ಅದು, ಇವತ್ತಿಗೂ ಅವರಿಗೆ ದಿಕ್ಕು ತಿಳಿಯುವುದಿಲ್ಲ.

ಇದನ್ನು ಹಾಗೇ ಅಚ್ಚು ಹಾಕು.

ಗೇವರದಾಸ್


ಕಲಕತ್ತಾ
4 ಜನವರಿ 1988

ಪೂಜ್ಯ ಕಾಕಾಜಿ,

ಪಾಟಾದ ಸಂಗತಿ ಸೊಗಸಾಗಿದೆ. ಸಂಪಾದಕನಾಗಿ ಒಂದೇ ಒಂದು ಮಾತು ಕೇಳಬೇಕು. ಇದು ನಡೆದದ್ದೇ? ಐನೂರು ವರ್ಷದ ನೆನಪಿಗೆ ತರುವ ಪುಸ್ತಕ, ಮುಂದಿನವರು ಇದನ್ನೇ ನಂಬುತ್ತಾರೆ. ಪಾಟಾದ ಬಗ್ಗೆ ಬೇರೆ ಯಾವ ಸಂಗತಿಯಾದರೂ ನಿಮಗೆ ಗೊತ್ತಿದ್ದರೆ, ಅದನ್ನು ಹೇಳಲು ಈಗಲೂ ಕಾಲ ಇದೆ.

ಇದೇ ನಿಜವಾದರೆ, ಇದರ ಜೊತೆಗಿರುವ ಪ್ರತಿಗೆ ಸಹಿ ಹಾಕಿ, ಒಂದು ಭಾವಚಿತ್ರ ಸೇರಿಸಿ ಕಳಿಸಿ. ನಿಮ್ಮ ಹೆಸರಿನಲ್ಲೇ ಹಾಕುತ್ತೇನೆ. ಒಂದು ಅಕ್ಷರವನ್ನೂ ತಿದ್ದುವುದಿಲ್ಲ.

ಹದಿನಾಲ್ಕನೆಯ ಪ್ರಶ್ನೆಯನ್ನು ನಾನು ಹೊಡೆದು ಹಾಕಿಲ್ಲ.

ನವರತನ


ಬೀಕಾನೇರ್
20 ಜನವರಿ 1988

ನವರತನ,

ನಡೆದದ್ದೇ ಎಂದು ನನ್ನನ್ನು ಕೇಳುತ್ತೀಯ? ನಲವತ್ತು ವರ್ಷದಿಂದ ನಾನು ಪಾಟಾದ ಮೇಲೆ ಹೇಳಿದ್ದೇ ಈ ಚೌಕದ ಇತಿಹಾಸ. ಯಾವನೂ ಎದುರು ಮಾತಾಡಿಲ್ಲ. ನಿಮ್ಮ ಕಡೆ ಇತಿಹಾಸ ಅಂದರೆ ಪುಸ್ತಕ ನೋಡಿ ಪುಸ್ತಕ ಬರೆಯುವುದು. ಇಲ್ಲಿ ಹೇಳುವವನ ಬಾಯಿ, ಕೇಳುವವನ ಕಿವಿ, ಅಷ್ಟೇ.

ಸಹಿ ಹಾಕಿದ್ದೇನೆ. ಫೋಟೋ ಇಟ್ಟಿದ್ದೇನೆ, ಕೇಸರಿ ಪಗಡಿಯದ್ದು. ಚಿಕ್ಕದಾಗಿ ಹಾಕಿ ಮೂಲೆಗೆ ತಳ್ಳಬೇಡ. ಬುಲಾಕಿಯ ಮನೆಗೆ ಎರಡು ಪ್ರತಿ ಹೋಗಲಿ. ಒಂದು ಅವನು ಹರಿದು ಹಾಕುತ್ತಾನೆ, ಇನ್ನೊಂದು ಉಳಿಯಬೇಕು.

ಪಾಟಾದ ಬಗ್ಗೆ ಬೇರೆ ಸಂಗತಿ ಏನೂ ಇಲ್ಲ.

ಗೇವರದಾಸ್


ಬೀಕಾನೇರ್
21 ಏಪ್ರಿಲ್ 1988

ನವರತನ,

ಪುಸ್ತಕ ತಲುಪಿತು. ಕಲಕತ್ತಾದವರ ಕೆಲಸಕ್ಕೆ ಪರವಾಗಿಲ್ಲ. ನದಿಯ ಪುಟದಲ್ಲಿ ನನ್ನ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿದ್ದೀಯ, ಹೆದರಿದೆ ಅಂತ ಕಾಣುತ್ತದೆ. ಪಾಟಾದ ಅಧ್ಯಾಯ ಮಾತ್ರ ಹೇಳಿದ ಹಾಗೇ ಇದೆ. ಫೋಟೋ ಅರ್ಧ ಪುಟ ತುಂಬಿದೆ. ನಿನ್ನ ಕಾಕಿ ನೋಡಿ, ಇಷ್ಟು ದೊಡ್ಡ ಮುಖ ಯಾಕೆ ಬೇಕಿತ್ತು ಅಂದಳು. ಅವಳಿಗೇನು ಗೊತ್ತು.

ಅಖಾ ಬೀಜ್ ದಿನ ಊರೆಲ್ಲ ಮಾಳಿಗೆ ಹತ್ತಿತ್ತು. ಊರು ಹುಟ್ಟಿದ ದಿನ, ಸುಡುವ ಬಿಸಿಲಲ್ಲಿ ಗಾಳಿಪಟ ಹಾರಿಸಬೇಕು, ಖೀಚಡಾ ಉಂಡು ಹುಣಸೆ ಪಾನಕ ಕುಡಿಯಬೇಕು, ಇಲ್ಲದಿದ್ದರೆ ಹಬ್ಬ ಆದ ಹಾಗಲ್ಲ. ಸಂಜೆ ಎಲ್ಲ ಇಳಿದು ಬಂದ ಮೇಲೆ ಪಾಟಾದ ಮೇಲೆ ನಿಂತು ನಿನ್ನ ಪುಸ್ತಕದಿಂದ ಆ ಅಧ್ಯಾಯ ಓದಿದೆ. ಪಗಡಿ ಕಂಕುಳಲ್ಲಿ ಇಟ್ಟುಕೊಂಡು ಓಡುವ ಜಾಗ ಬಂದಾಗ ಚೌಕವೇ ಬಿದ್ದು ಬಿದ್ದು ನಕ್ಕಿತು. ಬುಲಾಕಿ ತನ್ನ ಮಣೆಯ ಮೇಲೆ ಕೂತು ಎಲ್ಲ ಕೇಳಿದ. ನಗಲಿಲ್ಲ, ಬೈಯಲಿಲ್ಲ. ಪುಸ್ತಕ ಒಂದು ಪ್ರತಿ ಕೊಡಿ ಎಂದು ಕೇಳಿ ಇಸಕೊಂಡು ಮನೆಯೊಳಗೆ ಹೋದ. ಮುಖ ಎತ್ತಿಕೊಂಡು ಹೊರಗೆ ಬರುವುದಕ್ಕೆ ಅವನಿಗೆ ಒಂದು ತಿಂಗಳಾದರೂ ಬೇಕು.

ನೀನೂ ಒಂದು ಒಳ್ಳೆಯ ಕೆಲಸ ಮಾಡಿದೆ ಅನ್ನು.

ಗೇವರದಾಸ್


ಬೀಕಾನೇರ್
2 ಮೇ 1988

ನವರತನ,

ಈ ಕಾಗದ ಕಂಡ ಕೂಡಲೇ ತಿದ್ದುಪಡಿ ಅಚ್ಚು ಹಾಕಿಸು. ಪಾಟಾದ ಅಧ್ಯಾಯದಲ್ಲಿ ‘ಕೊಟ್ಟೆವು’ ಅನ್ನುವ ಮಾತು ಮುದ್ರಣದ ತಪ್ಪು, ಸಂಪಾದಕನ ಕಣ್ತಪ್ಪಿನಿಂದ ಬಂದದ್ದು ಅಂತ ಬರೆ. ನಿನ್ನ ಸಹಿ ಹಾಕು. ತಡ ಮಾಡಬೇಡ.

ನಡೆದದ್ದು ಹೇಳುತ್ತೇನೆ, ಕೇಳು. ಮೊನ್ನೆ ಸಂಜೆ ನಾವೆಲ್ಲ ಪಾಟಾದ ಮೇಲೆ ಕೂತಿದ್ದಾಗ ಬುಲಾಕಿಯ ಮನೆ ಬಾಗಿಲು ತೆರೆಯಿತು. ಮುಂದೆ ಹೆಂಗಸರು, ಮದುವೆಯ ಹಾಡು ಹೇಳಿಕೊಂಡು. ಹಿಂದೆ ತಟ್ಟೆಯಲ್ಲಿ ತೆಂಗಿನಕಾಯಿ, ಬೆಲ್ಲ, ಒಂದು ಹೊಸ ಪಗಡಿ. ಅವರ ಹಿಂದೆ ಬುಲಾಕಿ, ಕಂಕುಳಲ್ಲಿ ನಿನ್ನ ಪುಸ್ತಕ. ನೇರ ನನ್ನ ಮುಂದೆ ಬಂದು ಎರಡೂ ಕೈ ಮುಗಿದ. ಐವತ್ತು ವರ್ಷದಲ್ಲಿ ಅವನು ನನಗೆ ಒಂದು ಕೈಯನ್ನೂ ಮುಗಿದವನಲ್ಲ.

‘ಬೀಗ್ರೇ,’ ಅಂದ. ‘ನೀವು ಬರೆದಿದ್ದು ಓದ್ದೆ. ನಮ್ಮ ಮುತ್ತಜ್ಜಂಗೆ ನಿಮ್ಮ ಬಾಗ್ಲಲ್ಲಿ ತಿಲಕ ಆಯ್ತು, ಆರತಿ ಆಯ್ತು, ಪಾಟಾ ಕೊಟ್ಟೆವು ಅಂದ್ರು. ಮದುಮಗನಿಗೆ ಹೊಸ್ತಿಲಲ್ಲಿ ಕೊಟ್ಟಿದ್ದನ್ನ ವಾಪಸ್ ತಗೋಳೋ ಪದ್ಧತಿ ನಮ್ಮಲ್ಲೂ ಇಲ್ಲ, ನಿಮ್ಮಲ್ಲೂ ಇಲ್ಲ. ನಾಲ್ಕು ತಲೆಮಾರು ನಾವು ಕೇಳ್ಲಿಲ್ಲ, ಯಾಕಂದ್ರೆ ನಮಗೆ ಗೊತ್ತಿರ್ಲಿಲ್ಲ. ನೀವು ದೊಡ್ಡ ಮನಸ್ಸು ಮಾಡಿ ಹೇಳಿದ್ರಿ.’

ಮದುವೆಯೇ ಆಗಲಿಲ್ಲವಲ್ಲೋ, ಅವನು ಓಡಿ ಹೋದನಲ್ಲ ಎಂದೆ. ಹೊಸ್ತಿಲವರೆಗೆ ಅಳಿಯನಾದ, ಆಮೇಲಿನದ್ದು ನಿಮ್ಮ ಮನೆಯವರ ಗಡಿಬಿಡಿ ಎಂದ. ನನ್ನ ಪಕ್ಕ ಕೂತು ಮೂವತ್ತು ವರ್ಷ ನನ್ನ ಮಾತಿಗೆ ತಲೆಯಾಡಿಸಿದ ಮುದುಕರು, ಒಬ್ಬೊಬ್ಬರೂ ಗಂಭೀರವಾಗಿ, ಬುಲಾಕಿ ಹೇಳುವುದರಲ್ಲಿ ನ್ಯಾಯ ಇದೆ ಎಂದರು. ನಗು ತಡೆದು ತಡೆದು ಅವರ ಗಲ್ಲ ನಡುಗುತ್ತಿತ್ತು, ನನಗೆ ಕಾಣಲಿಲ್ಲ ಅಂದುಕೊಂಡರು, ಕೃತಘ್ನರು.

ಆಮೇಲೆ ಅವನು ಹೊಸ ಪಗಡಿ ನನ್ನ ತಲೆಗೆ ಇಟ್ಟ. ಪಾಟಾ ಎತ್ತಿಕೊಂಡು ಹೋಗುವುದಿಲ್ಲ, ಇಲ್ಲೇ ಇರಲಿ, ಊರಿನವರೆಲ್ಲ ಕೂರಲಿ ಎಂದ. ಬಗ್ಗಿ ನನ್ನ ಕಿವಿಯ ಹತ್ತಿರ ಬಂದು ಹೇಳಿದ: ‘ಎದ್ದೇಳಿ ಅಂತ ನಾನು ಹೇಳಲ್ಲ ಬೀಗ್ರೇ. ಮಗಳ್ನ ಕೊಟ್ಟ ಮನೆ ನೀರೂ ಕುಡೀದ ಜನ ನೀವು. ಅಳಿಯನ ಪಾಟಾ ಮೇಲೆ ಕೂತ್ಕೋಬೇಕೋ ಬೇಡ್ವೋ, ನೀವೇ ಯೋಚ್ನೆ ಮಾಡಿ.’

ನಾನೇ ಎದ್ದೆ. ಇನ್ನೇನು ಮಾಡಲಿ? ಕೂತಿದ್ದರೆ ಹೆಣ್ಣಿನ ಕಡೆಯವನು ಅಳಿಯನ ಸ್ವತ್ತಿನ ಮೇಲೆ ಬಿದ್ದುಕೊಂಡಿದ್ದಾನೆ ಎಂದು ನಾಳೆಯೇ ಊರೆಲ್ಲ ಹಾಡುತ್ತಾರೆ. ಕಥೆ ಸುಳ್ಳು ಎಂದರೆ ಅರ್ಧ ಪುಟದ ಫೋಟೋ, ಕೆಳಗೆ ಸಹಿ. ಮೂರು ದಿನದಿಂದ ಮನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದೇನೆ. ದಾರಿಯಲ್ಲಿ ಹೋಗುವವರು, ಏನು ಗೇವರ್‌ಜಿ, ಮೊಣಕಾಲು ನೋವೇ ಎಂದು ಕೇಳುತ್ತಾರೆ.

ತಿದ್ದುಪಡಿ ತಕ್ಷಣ ಕಳಿಸು.

ಗೇವರದಾಸ್


ಕಲಕತ್ತಾ
14 ಮೇ 1988

ಗೇವರದಾಸ್‌ಜಿ,

ಮುದ್ರಣದ ತಪ್ಪು ಎಂದು ಬರೆಯಲಾರೆ. ಹದಿನಾರು ವರ್ಷದಿಂದ ಕರಡು ತಿದ್ದುತ್ತಿದ್ದೇನೆ, ಆ ಅಧ್ಯಾಯದಷ್ಟು ಎಚ್ಚರಿಕೆಯಿಂದ ಯಾವುದನ್ನೂ ನೋಡಿಲ್ಲ. ನೀವು ಬರೆದ ಒಂದು ಅಕ್ಷರವೂ ಕದಲಿಲ್ಲ.

ನಿಮ್ಮ ಕಥೆ ಸುಳ್ಳೆಂದು ಡಿಸೆಂಬರಿನಲ್ಲೇ ನನಗೆ ಗೊತ್ತಿತ್ತು. ನಿಮ್ಮ ಮುತ್ತಜ್ಜನ ಕಾಲದಲ್ಲಿ ಆ ಪಾಟಾ ಇರಲೇ ಇಲ್ಲ. ಅದನ್ನು ಮಾಡಿಸಿದ್ದು ವಿಕ್ರಮ ಸಂವತ್ 1978ರಲ್ಲಿ, ಅಂದರೆ ಇಸವಿ 1921, ನೀವು ಹುಟ್ಟಿದ ವರ್ಷ. ಮಾಡಿಸಿದವರು ಇಬ್ಬರು ಅಣ್ಣತಮ್ಮಂದಿರು. ಅಣ್ಣ ನಿಮ್ಮ ತಂದೆ, ತಮ್ಮ ನನ್ನ ಅಜ್ಜ. ರೋಹಿಡಾ ಮರವನ್ನು ಒಂಟೆ ಗಾಡಿಯಲ್ಲಿ ತಂದರು. ನಡುವಿನ ಹಲಗೆಯ ಅಡಿಯಲ್ಲಿ ಬಡಗಿಯಿಂದ ಇಬ್ಬರ ಹೆಸರನ್ನೂ ಕೆತ್ತಿಸಿದರು. ಅಪ್ಪ ಸಾಯುವ ತಿಂಗಳು ಇದನ್ನೆಲ್ಲ ನನಗೆ ಹೇಳಿ ಬರೆಸಿದರು.

ನಾನು ನಿಮ್ಮನ್ನು ಮೂರು ಸಲ ಕೇಳಿದೆ. ಎರಡು ಹೆಸರಿನ ಮಾತು ಒಂದು ಸಾಲಿನಲ್ಲಿ ಬಂದಿದ್ದರೂ ಸಾಕಿತ್ತು, ಪುಸ್ತಕದಲ್ಲಿ ಅದೇ ಇರುತ್ತಿತ್ತು. ಬೇರೆ ಸಂಗತಿ ಏನೂ ಇಲ್ಲ ಎಂದಿರಿ. ಸಹಿ ಹಾಕಿ ಕಳಿಸಿದಿರಿ. ಊರಿನ ಇತಿಹಾಸವೇ ನಾನು ಎನ್ನುವ ಮನುಷ್ಯ ಮನೆಯ ಮುಂದಿನ ಹಲಗೆಯ ಮೇಲೆ ಸುಳ್ಳು ಹೇಳಿದಿರಿ, ಅದೂ ಎದುರು ಮನೆಯವನನ್ನು ನಗೆಪಾಟಲು ಮಾಡುವ ಇಷ್ಟು ಸಣ್ಣ ಸಂತೋಷಕ್ಕೆ. ನಿಮ್ಮ ಬಗ್ಗೆ ಅಪ್ಪ ಕೊನೆಯವರೆಗೂ ದೊಡ್ಡ ಮನುಷ್ಯ ಅನ್ನುತ್ತಿದ್ದರು. ಅವರು ಇದನ್ನು ಓದುವುದಕ್ಕೆ ಇಲ್ಲ, ಒಳ್ಳೆಯದಾಯಿತು.

ಅಪ್ಪ ಹೇಳದೆ ಬಿಟ್ಟದ್ದನ್ನು ಅಮ್ಮ ಹೇಳಿದರು. ಮದುವೆಯಾದ ವರ್ಷ ಇಬ್ಬರೂ ಬೀಕಾನೇರಿಗೆ ಬಂದಿದ್ದರಂತೆ. ಅಮ್ಮ ಟಾಂಗಾದ ಹತ್ತಿರ ನಿಂತಿದ್ದರು. ಅಪ್ಪ ಪಾಟಾದ ಮೇಲೆ ಕೂರಲು ಹೋದರು. ಕೂತಿದ್ದವರಲ್ಲಿ ಒಬ್ಬ ಯುವಕ ಏನೋ ಅಂದ. ಅಮ್ಮನಿಗೆ ಆಗ ಭಾಷೆ ಬರುತ್ತಿರಲಿಲ್ಲ. ಅಪ್ಪ ಕೆಳಗಿಳಿದು, ಅದೇ ಟಾಂಗಾದಲ್ಲಿ ಸ್ಟೇಷನ್ನಿಗೆ ವಾಪಸ್ ಬಂದರು. ಅವನು ಏನಂದ ಎಂದು ಅಮ್ಮ ಮೂವತ್ತೇಳು ವರ್ಷ ಕೇಳಿದರು, ಅಪ್ಪ ಹೇಳಲಿಲ್ಲ. ಆ ಯುವಕ ಯಾರೆಂದು ನನಗೆ ಗೊತ್ತು, ನಿಮಗೂ ಗೊತ್ತು.

ಬುಲಾಕಿದಾಸರಿಂದ ಪಾಟಾ ಬಿಡಿಸಿಕೊಳ್ಳುವುದು ಸುಲಭ. ಎಂಟು ಜನರನ್ನು ಕರೆದು ಮಗುಚಿ ಹಾಕಿಸಿ. ಅಡಿಯಲ್ಲಿ ಬರೆದದ್ದನ್ನು ಚೌಕದ ಮುಂದೆ ಜೋರಾಗಿ ಓದಿ. ಎರಡೂ ಹೆಸರು ಓದಬೇಕಾಗುತ್ತದೆ.

ನವರತನ


ಬೀಕಾನೇರ್
10 ಜೂನ್ 1988

ಚಿರಂಜೀವಿ ನವರತನನಿಗೆ,

ನಿನ್ನ ಕಾಗದ ಬಂದು ಮೂರು ವಾರ ಆಯಿತು. ಮೊದಲ ವಾರ ನಿನ್ನನ್ನು ಬೈದುಕೊಂಡು ತಿರುಗಿದೆ. ಎರಡನೆಯ ವಾರ ಬೈಗುಳ ಮುಗಿಯಿತು.

ಮೊನ್ನೆ ಮಧ್ಯಾಹ್ನ ಎರಡು ಗಂಟೆಗೆ, ಚೌಕದಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ನಾನು ಪಾಟಾದ ಅಡಿಗೆ ಹೋದೆ. ಅಳಿಯನ ಪಾಟಾದ ಮೇಲೆ ಕೂರಬಾರದು ನಿಜ, ಅಡಿಗೆ ಹೋಗಬಾರದು ಅಂತ ಯಾರೂ ಹೇಳಿಲ್ಲ. ಮರಳಿನ ಮೇಲೆ ಅಂಗಾತ ಮಲಗಿ ನೋಡಿದೆ. ಜೇಡರ ಬಲೆ ಒರೆಸಿದ ಮೇಲೆ ಕಂಡಿತು. ಎರಡೂ ಹೆಸರು ಇದೆ. ನಿನ್ನ ಅಜ್ಜನ ಹೆಸರು ಇನ್ನೂ ಚೆನ್ನಾಗಿದೆ. ನನ್ನ ಅಪ್ಪನ ಹೆಸರನ್ನು ಗೆದ್ದಲು ಅರ್ಧ ತಿಂದಿದೆ.

ಮಗುಚಿ ಹಾಕಿಸಲಿಲ್ಲ. ನಾಲ್ಕು ಜನರ ಮುಂದೆ ನಾನು ಸುಳ್ಳುಗಾರ ಅನ್ನಲು ನನಗೆ ಧೈರ್ಯ ಇಲ್ಲ. ಒಂದು ಸುಳ್ಳು ಒಪ್ಪಿಕೊಂಡರೆ ನಲವತ್ತು ವರ್ಷ ಹೇಳಿದ್ದೆಲ್ಲ ಬಿಚ್ಚುತ್ತದೆ. ಬೇಕಾದರೆ ನೀನು ಬಂದು ಮಗುಚಿಸು. ನಾನು ಅಡ್ಡ ಬರುವುದಿಲ್ಲ.

ಈಗ ನಿನ್ನ ಹದಿನಾಲ್ಕನೆಯ ಪ್ರಶ್ನೆ. ನಿನ್ನ ಅಪ್ಪ ಪೂರ್ವದ ಮೂಲೆಯಲ್ಲಿ ಕೂರುತ್ತಿದ್ದ, ಖೇಜಡಿ ಮರದ ಕಡೆಗೆ ಮುಖ ಮಾಡಿ. ಅವನಿಗೆ ಒಂಬತ್ತು ವರ್ಷ, ನನಗೆ ಹನ್ನೊಂದು ಆದಾಗಿನಿಂದ ನಾವಿಬ್ಬರೂ ಅಲ್ಲೇ ಕೂರುತ್ತಿದ್ದದ್ದು, ಅವನು ಅಂಚಿನಲ್ಲಿ, ನಾನು ಪಕ್ಕದಲ್ಲಿ. ಇಬ್ಬರಿಗೂ ಒಂದೇ ಕಚೋರಿ ಬರುತ್ತಿತ್ತು, ದೊಡ್ಡ ಅರ್ಧ ಅವನೇ ತಿನ್ನುತ್ತಿದ್ದ. ಅವನು ಕಲಕತ್ತಾಕ್ಕೆ ಹೋದ ಮೇಲೆ ನಾನು ಆ ಜಾಗಕ್ಕೆ ಸರಿದೆ.

ಅವನು ನಿನ್ನ ಅಮ್ಮನನ್ನು ಕರೆದುಕೊಂಡು ಬಂದ ದಿನ ನಾನು ಅಂದದ್ದು ಇಷ್ಟೇ: ‘ಇಳಿಯೋ ಕೆಳಗೆ. ಇದು ನಿನ್ನಪ್ಪಂದಲ್ಲ.’ ಅವನು ಅಪ್ಪನದೂ ಹೌದು ಎಂದು ಹೇಳಬಹುದಿತ್ತು. ನನ್ನ ಮುಖ ನೋಡಿದ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಇಳಿದ. ಪಾಟಾದ ಮೇಲಿದ್ದವರೆಲ್ಲ ಹೌದು ಹೌದು ಎಂದರು. ಆವತ್ತಿನಿಂದ ನಿಮ್ಮ ಮನೆಯನ್ನು ಕುಲದಿಂದ ಹೊರಗೆ ಇಟ್ಟೆವು. ಇಟ್ಟವನು ನಾನೇ. ನಿನ್ನ ಅಮ್ಮನಿಗೆ ಈಗ ಹೇಳು, ಕೇಳಿ ಕೇಳಿ ಸಾಕಾಗಿರುತ್ತದೆ.

ಈ ಚೈತ್ರಕ್ಕೆ ವರ್ಷ ಆಯಿತು, ನಿನ್ನ ಕಾರ್ಡು ಬಂದು. ನನಗೆ ಮೊಣಕಾಲು ನೋವು ಬಂದಿರಲಿಲ್ಲ. ತಣ್ಣೀರು ಸ್ನಾನ ಮಾಡಿ ಹನ್ನೆರಡು ದಿನ ಸೂತಕ ಹಿಡಿದೆ. ನಾನೇ ಹೊರಗಿಟ್ಟವನಿಗೆ ಸೂತಕ ಹಿಡಿದೆ ಅಂತ ಚೌಕದಲ್ಲಿ ಹೇಗೆ ಹೇಳಲಿ? ನಿನ್ನ ಕಾಕಿಗೆ ಮಾತ್ರ ಗೊತ್ತು.

ನಿನ್ನ ಕಾಗದವನ್ನು ಬುಲಾಕಿಗೆ ತೋರಿಸಲಿಲ್ಲ. ಆದರೆ ಅವನನ್ನು ಒಂದು ಮಾತು ಕೇಳಿದೆ. ನಮ್ಮ ಮನೆಯವರು ಯಾರೂ ಪಾಟಾದ ಮೇಲೆ ಕೂರುವ ಹಾಗಿಲ್ಲ, ಸರಿ. ನಾವು ಕುಲದಿಂದ ಹೊರಗೆ ಇಟ್ಟವನ ಮಗ ಬಂದರೆ? ಹೊರಗಿಟ್ಟ ಮೇಲೆ ಅವನು ಹೆಣ್ಣಿನ ಕಡೆಯವನು ಹೇಗಾಗುತ್ತಾನೆ, ಧಾರಾಳವಾಗಿ ಕೂರಬಹುದು ಎಂದ ಬುಲಾಕಿ. ಮುದುಕರೂ ಒಪ್ಪಿದರು, ಈ ಸಲ ಯಾರೂ ನಗಲಿಲ್ಲ. ಹಾಗಾಗಿ ನಮ್ಮ ವಂಶದಲ್ಲಿ ಆ ಪಾಟಾದ ಮೇಲೆ ಕೂರುವ ಹಕ್ಕು ಇರುವವನು ಈಗ ನೀನೊಬ್ಬನೇ.

ಚಳಿ ಬಿದ್ದ ಮೇಲೆ ಬಾ, ಈ ಬಿಸಿಲು ನಿಮ್ಮ ಕಲಕತ್ತಾದ ಚರ್ಮಕ್ಕೆ ಆಗುವುದಿಲ್ಲ. ಅಮ್ಮನನ್ನೂ ಕರೆದುಕೊಂಡು ಬಾ. ಟಾಂಗಾವನ್ನು ಚೌಕದ ಒಳಗೇ ತರಲು ಹೇಳು. ನಾನು ಎದುರಿನ ಮೆಟ್ಟಿಲ ಮೇಲೆ ಇರುತ್ತೇನೆ. ಪೂರ್ವದ ಮೂಲೆಯಲ್ಲಿ ಒಂದು ಮೊಳೆ ಎದ್ದಿದೆ, ನಮ್ಮ ಚಿಕ್ಕಂದಿನಿಂದಲೂ ಹಾಗೇ ಇದೆ, ಎಷ್ಟು ಹೊಡೆದರೂ ಮತ್ತೆ ಏಳುತ್ತದೆ. ನಿನ್ನ ಅಪ್ಪ ಸ್ವಲ್ಪ ಎಡಕ್ಕೆ ಸರಿದು ಕೂರುತ್ತಿದ್ದ. ನೀನೂ ಹಾಗೇ ಕೂರು, ಇಲ್ಲದಿದ್ದರೆ ಧೋತಿ ಹರಿಯುತ್ತದೆ.

ನಿನ್ನ ಕಾಕಾ
ಗೇವರದಾಸ್